ಏನಂದ್ರು?

ಗಾಜಿನ ಗೋಡೆಯ ಆಚೆ ಮ್ಯಾನೇಜರ್ ಫೋನಿನಲ್ಲಿ ನಗುನಗುತ್ತಲೇ ತಮ್ಮನ್ನು ತಾವು ಬೈದುಕೊಳ್ಳುತ್ತಿದ್ದರು. ಅದು ಬೈಗುಳವೆಂದು ಆ ಬಟ್ಟೆ ಕಾರ್ಖಾನೆಯಲ್ಲಿ ಗೊತ್ತಿದ್ದದ್ದು ಹೊರಗಿನ ಮೇಜಿನಲ್ಲಿ ಕೂತಿದ್ದ ಅವಳೊಬ್ಬಳಿಗೇ. "ಅಯ್ಯೋ ಬಿಡಿ ಭಾವ, ನಾನೇನು ಮಹಾ. ನನ್ನ ಸ್ವಭಾವವೇ ಹಾಗೆ, ಸ್ವಲ್ಪ ಅಬ್ಸೀಕ್ವಿಯಸ್ಸು. ಹ್ಞಾಂ, ಇಂಗ್ಲಿಷೇ. ನಾನು ಹೇಳಿಕೊಂಡಿದ್ದಲ್ಲ, ಪರದೇಶದಿಂದ ತಪಾಸಣೆಗೆ ಬಂದಿದ್ರಲ್ಲ, ಆಯಮ್ಮನೇ ಬಾಯಿಬಿಟ್ಟು ಹೇಳಿದ್ದು," ಎನ್ನುತ್ತಿದ್ದರು. ಆ ಪದ ಬಂದಾಗಲೆಲ್ಲ ಅದರ ಕೊನೆಯನ್ನು ಕೊಂಚ ಎಳೆಯುತ್ತಿದ್ದರು, ಹೊಸ ಚಪ್ಪಲಿ ಮೆಟ್ಟಿದವರು ಬೇಕೆಂದೇ ಸದ್ದು ಮಾಡಿ ನಡೆದ ಹಾಗೆ. ಅವಳ ಮುಂದೆ ಅಂಗಿಗಳ ಕೊರಳಿಗೆ ಹೊಲಿಯುವ ಚೀಟಿಗಳ ಮಾದರಿ ಇತ್ತು. ತಣ್ಣೀರಿನಲ್ಲಿ ಒಗೆಯಿರಿ, ನೆರಳಿನಲ್ಲಿ ಒಣಗಿಸಿ ಎಂಬುದನ್ನು ಎರಡು ಭಾಷೆಯಲ್ಲೂ ತಾಳೆ ನೋಡಬೇಕಿತ್ತು. ಬೆಳಗಿನಿಂದ ಅವಳು ತಣ್ಣೀರನ್ನು ದಾಟಿ ಮುಂದೆ ಹೋಗಿರಲಿಲ್ಲ. ಒಳಗೆ ಆ ಪದ ಕೇಳಿಸಿದಾಗಲೆಲ್ಲ ಓದಿದ ಸಾಲನ್ನೇ ಮತ್ತೆ ಮೊದಲಿನಿಂದ ಓದುತ್ತಿದ್ದಳು. ಕಾರ್ಖಾನೆಯ ಮಟ್ಟಿಗೆ ಅವಳ ಹೆಸರು ದುಭಾಷಿ. ಕೆಳಗೆ ಹೊಲಿಗೆಯ ಹೆಂಗಸರು ತಮ್ಮತಮ್ಮಲ್ಲಿ ಇಂಗ್ಲಿಷಮ್ಮ ಅನ್ನುತ್ತಿದ್ದರು. ಮ್ಯಾನೇಜರನ್ನು ಅವಳು ಮನಸ್ಸಿನೊಳಗೂ ಬಹುವಚನದಲ್ಲೇ ಕರೆಯುತ್ತಿದ್ದಳು. ಒಳಗೊಳಗೆ ಏಕವಚನ ಅಭ್ಯಾಸವಾದರೆ ಎಂದಾದರೂ ಬಾಯಿಗೆ ಬಂದುಬಿಟ್ಟೀತು ಎಂಬ ಅಂಜಿಕೆ.

ತಪಾಸಣೆಗೆ ಬಂದಿದ್ದವಳು ಎತ್ತರದ, ಬಿಸಿಲಿಗೆ ಮೂಗು ಕೆಂಪಾಗಿದ್ದ ಹೆಂಗಸು. ಇಲ್ಲಿ ಹೊಲಿದ ಅಂಗಿಗಳನ್ನೆಲ್ಲ ಕೊಳ್ಳುವ ದೊಡ್ಡ ಅಂಗಡಿಯವರು ಕಳಿಸಿದ್ದರು. ಅವಳು ಹೊರಟು ನಿಂತಾಗ ಮ್ಯಾನೇಜರ್ ಅವಳ ಕೈಚೀಲ ಕಿತ್ತುಕೊಂಡರು, ಕಾರಿನ ಬಾಗಿಲು ತೆಗೆದರು, ತಲೆ ತಾಗದಿರಲೆಂದು ಚೌಕಟ್ಟಿಗೆ ಅಂಗೈ ಒಡ್ಡಿದರು, ಸೀಟನ್ನು ತಮ್ಮ ಕರವಸ್ತ್ರದಿಂದ ಒರೆಸಿ ಆ ಕರವಸ್ತ್ರವನ್ನೇ ಮಡಿಚಿ ಎದೆಯ ಜೇಬಿಗೆ ಇಟ್ಟುಕೊಂಡರು. ಆ ಹೆಂಗಸು ದುಭಾಷಿಯ ಕಡೆ ಬಗ್ಗಿ, ಹೆಂಗಸರು ಹೆಂಗಸರಲ್ಲೇ ಆಡಿಕೊಳ್ಳುವ ದನಿಯಲ್ಲಿ, ಈತ ಯಾವಾಗಲೂ ಇಷ್ಟು ಅಬ್ಸೀಕ್ವಿಯಸ್ಸೇ ಎಂದು ಕೇಳಿ ತುಟಿಯ ಒಂದೇ ಮೂಲೆಯಲ್ಲಿ ನಕ್ಕಳು. ಕಾರು ಗೇಟು ದಾಟಿದ್ದೇ ತಡ, ಮ್ಯಾನೇಜರ್ ತಿರುಗಿದರು. "ಏನಂದ್ರು?" ಅವಳು ಏನಿಲ್ಲ ಸರ್, ಹೊತ್ತಾಯ್ತು ಅಂದ್ರು, ಎನ್ನಬಹುದಿತ್ತು. ಬಿಸಿಲು ಜಾಸ್ತಿ ಅಂದ್ರು, ಎನ್ನಬಹುದಿತ್ತು. "ನೀವು ಯಾವಾಗಲೂ ಇಷ್ಟು ವಿನಯವಂತರಾ ಅಂತ ಕೇಳಿದ್ರು ಸರ್," ಎಂದು ನಾಲಿಗೆ ಅವಳನ್ನು ಕೇಳದೆಯೇ ಹೇಳಿಬಿಟ್ಟಿತು. ಮ್ಯಾನೇಜರ್ ಮುಖ ಅರಳಿದ ರೀತಿ ನೋಡಲಾಗುತ್ತಿರಲಿಲ್ಲ. ಚಿಕ್ಕ ಹುಡುಗನ ಮುಖ ಅದು. "ವಿನಯಕ್ಕೆ ಎಂಥದೋ ಪದ ಹೇಳಿದ್ರಲ್ಲ, ಅಬ್ಸ್ ಅಂತ ಏನೋ? ಇನ್ನೊಂದ್ಸಲ ಹೇಳಿ." ಅವಳು ಇನ್ನೊಂದು ಸಲ ಹೇಳಿದಳು. ಅವರು ಕಾರಿಲ್ಲದ ಅಂಗಳ ನೋಡುತ್ತ ಅದನ್ನು ಬಾಯಿಪಾಠ ಮಾಡಿಕೊಂಡರು.

ಅದಕ್ಕೆ ನಮ್ಮ ಮಾತಿನಲ್ಲಿ ಸರಿಸಮನಾದ ಒಂದು ಪದ ಹುಡುಕುವುದೇ ಅಂದಿನಿಂದ ಅವಳಿಗೆ ಒಂದು ರೋಗವಾಗಿತ್ತು. ಬಸ್ಸಿನಲ್ಲಿ, ಸ್ನಾನದ ಮನೆಯಲ್ಲಿ, ಹಾಲು ಉಕ್ಕುವುದನ್ನು ಕಾಯುತ್ತ ನಿಂತಾಗ ಹುಡುಕುತ್ತಿದ್ದಳು. ಬೆಣ್ಣೆ ಹಚ್ಚುವುದು ಇದೆ, ಬಾಲ ಅಲ್ಲಾಡಿಸುವುದು ಇದೆ, ಹಲ್ಲು ಗಿಂಜುವುದು, ಕಾಲು ನೆಕ್ಕುವುದು ಇದೆ. ಒಂದೋ ಅಡುಗೆಮನೆಯಿಂದ ಬಂದದ್ದು, ಇಲ್ಲವೇ ನಾಯಿಯಿಂದ. ಆ ಇಂಗ್ಲಿಷ್ ಪದ ಹಾಗಲ್ಲ. ಅದು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬರುತ್ತದೆ, ಬಗ್ಗಿ ನಿಲ್ಲುತ್ತದೆ, ಬಗ್ಗಿದವನ ಬೆನ್ನು ಎಷ್ಟು ಹೊತ್ತಾದರೂ ನೋಯುವುದಿಲ್ಲ. ಮೆಚ್ಚಿಸಬೇಕಾದವರು ಬಾಯಿ ತೆರೆಯುವ ಮೊದಲೇ ಹೌದು ಎನ್ನುವುದು. ಯಾರೂ ಕೇಳದೆ ಕೊಡುವುದು. ಹೀಗೆ ಅರ್ಥ ಬಿಡಿಸುತ್ತ ಹೋದಷ್ಟೂ ಆ ಪದದೊಳಗೆ ಕಾಣುತ್ತಿದ್ದ ಬೆನ್ನು ಮ್ಯಾನೇಜರದ್ದಾಗಿ ಉಳಿಯುತ್ತಿರಲಿಲ್ಲ. ಆಗ ಅವಳು ಹಾಲಿನ ಕಡೆ ಗಮನ ಕೊಡುತ್ತಿದ್ದಳು. ಅಷ್ಟರಲ್ಲಿ ಅದು ಉಕ್ಕಿರುತ್ತಿತ್ತು.

"ಏನ್ರೀ, ಸ್ವಲ್ಪ ಬನ್ನಿ." ಮ್ಯಾನೇಜರ್ ಕರೆದರು. ಮಧ್ಯಾಹ್ನ ಯಜಮಾನರು ಬರುವವರಿದ್ದರು. ಅವರು ಹೊರದೇಶದಲ್ಲಿ ಓದಿ ಬಂದವರು. ಇಂಗ್ಲಿಷಿನಲ್ಲಿ ಒಂದು ಅಕ್ಷರ ಆಚೀಚೆಯಾದರೂ ಹುಬ್ಬು ಎತ್ತಿ ನೋಡುವವರು. "ಸ್ವಾಗತದ ಮಾತಲ್ಲಿ ಕೊನೆಗೆ ಇದನ್ನ ಸೇರಿಸ್ತೀನಿ. ‘ಬೇರೇನೂ ಇಲ್ಲದಿದ್ರೂ ನಾನೊಬ್ಬ ಅಬ್ಸೀಕ್ವಿಯಸ್ ಸೇವಕ’ ಅಂತ. ಹೇಗಿದೆ? ಸ್ಪೆಲಿಂಗ್ ಹೇಳಿ, ಬರ್ಕೋತೀನಿ." ಅವಳು ಬೇಕೆಂದೇ ಒಂದು ಅಕ್ಷರ ತಪ್ಪು ಹೇಳಿದಳು, ಇನ್ನೊಂದನ್ನು ನುಂಗಿದಳು, ಈತ ಎಲ್ಲಾದರೂ ಅರ್ಥ ಹುಡುಕಿದರೂ ಸಿಗದಿರಲಿ ಎಂದು. ಮ್ಯಾನೇಜರ್ ದಪ್ಪ ಅಕ್ಷರದಲ್ಲಿ ಬರೆದುಕೊಂಡು, "ಇದರ ಮಧ್ಯ ಸಿಕ್ ಅಂತ ಬರುತ್ತಲ್ರೀ, ಕಾಯಿಲೆ ಗೀಯಿಲೆ ಏನಲ್ಲ ತಾನೆ?" ಎಂದು ತಮ್ಮ ಜೋಕಿಗೆ ತಾವೇ ನಕ್ಕರು. ಅವಳೂ ನಕ್ಕಳು. ನಗು ಮುಗಿದ ಮೇಲೂ ಬಾಯಿ ಹಾಗೇ ಇತ್ತು. "ಸರ್, ಭಾಷಣದಲ್ಲಿ ಬೇಡವೇನೋ. ನಮ್ಮ ಗುಣ ನಾವೇ ಹೇಳಿಕೊಂಡ್ರೆ ಚೆನ್ನಾಗಿರಲ್ಲ, ಇನ್ನೊಬ್ಬರು ಹೇಳಿದ್ರೇ..." ಮ್ಯಾನೇಜರ್ ಪೆನ್ನಿನಿಂದ ಅವಳನ್ನು ತೋರಿಸಿದರು. "ನೋಡಿ, ಇದು! ಇದಕ್ಕೇ ಅನ್ನೋದು. ನೀವೇನು ಕಮ್ಮಿ ಇಲ್ಲ ಕಣ್ರೀ, ನೀವೂ ಅಬ್ಸೀಕ್ವಿಯಸ್ಸೇ."

"ಥ್ಯಾಂಕ್ಯೂ ಸರ್," ಎಂದಳು ಅವಳು.

ಮೇಜಿಗೆ ಮರಳಿ ಕೂತಳು. ಮಧ್ಯಾಹ್ನ ಮ್ಯಾನೇಜರ್ ಯಜಮಾನರ ಮುಂದೆ ಆ ಪದ ಆಡುತ್ತಾರೆ. ಯಜಮಾನರು ಹುಬ್ಬು ಎತ್ತುತ್ತಾರೆ. ಇದನ್ನು ನಿನಗೆ ಯಾರಯ್ಯ ಹೇಳಿಕೊಟ್ಟವರು ಎನ್ನುತ್ತಾರೆ. ಆಮೇಲೆ ಎಲ್ಲ ತಲೆಗಳೂ ಅವಳ ಕಡೆ ತಿರುಗುತ್ತವೆ. ತಿರುಗುವ ತಲೆಗಳನ್ನು ಅವಳು ಒಂದೊಂದಾಗಿ ಕಂಡಳು. ಹೀಗೆ ಎರಡು ಕಡೆಯ ನಡುವೆ ನಿಂತು ಇತ್ತಲಿಂದ ಬಂದದ್ದನ್ನು ಅತ್ತ ದಾಟಿಸುವುದು ಅವಳಿಗೆ ಹೊಸ ಕಸುಬಲ್ಲ. ಚಿಕ್ಕವಳಿದ್ದಾಗ ಅಪ್ಪ ಹೊರಗಿನ ಕೋಣೆಯಲ್ಲಿ, ಅಮ್ಮ ಒಳಗಿನ ಕೋಣೆಯಲ್ಲಿ, ಇಬ್ಬರಿಗೂ ಮಾತಿಲ್ಲ. ನಡುವಿನ ಹೊಸ್ತಿಲು ದಾಟಿ ಓಡಾಡುತ್ತಿದ್ದದ್ದು ಅವಳು. "ಹೇಳು ಅವಳಿಗೆ, ಈ ಮನೆ ಅನ್ನ ನನ್ನ ಗಂಟಲಲ್ಲಿ ಇಳಿಯಲ್ಲ ಅಂತ," ಎಂದು ಅಪ್ಪ ಅಂದರೆ, ಆ ನಾಲ್ಕು ಹೆಜ್ಜೆಯ ಹಾದಿಯಲ್ಲಿ ಏನೋ ಆಗಿ, ಒಳಗೆ ಹೋಗಿ ಅವಳು "ಅಪ್ಪನಿಗೆ ಹಸಿವಿಲ್ಲವಂತೆ, ಆಮೇಲೆ ಉಣ್ತಾರಂತೆ," ಅನ್ನುತ್ತಿದ್ದಳು. ಅಮ್ಮ ತಟ್ಟೆ ಮುಚ್ಚಿಟ್ಟು ಕಾಯುತ್ತಿದ್ದಳು. ಒಂದು ಸಂಜೆ ಅಪ್ಪ ಬಾಗಿಲಲ್ಲೇ ನಿಂತು, ನಿನ್ನಮ್ಮನ ಜೊತೆ ನಾನೆಲ್ಲಿಗೂ ಬರಲ್ಲ, ಸತ್ತರೂ ಬರಲ್ಲ ಎಂದು ಹೇಳಿ ಹೊರಟು ಹೋಗಿದ್ದ. ಅಪ್ಪ ಬಂದು ಕರಕೊಂಡು ಹೋಗ್ತಾರಂತೆ ಎಂದು ಅವಳು ಅಮ್ಮನಿಗೆ ಹೇಳಿದ್ದಳು. ಅಮ್ಮ ಒಳ್ಳೆಯ ಸೀರೆ ಉಟ್ಟು ಕಿಟಕಿಯ ಬಳಿ ಕೂತಿದ್ದಳು, ಬೀದಿಯ ದೀಪ ಹತ್ತಿದ ಮೇಲೂ. ಅಂದು ಆ ಸೀರೆಯ ಅಂಚು ನೋಡಿದಾಗ ಹುಟ್ಟಿದ ಹೆದರಿಕೆಯೇ ಇಂದು ಈ ಮೇಜಿನವರೆಗೂ ಬಂದಿದೆ. ಅಪ್ಪ ಈಗಿಲ್ಲ. ಅಮ್ಮ ಅವಳ ಜೊತೆಗೇ ಇದ್ದಾಳೆ. ಇವತ್ತು ಬೆಳಿಗ್ಗೆ ತಲೆ ಬಾಚಿಕೊಳ್ಳುತ್ತ ಅಮ್ಮ ಎಂದಿನಂತೆ ಶುರು ಮಾಡಿದ್ದಳು: "ನಿಮ್ಮಪ್ಪ ಎದುರು ನಿಂತು ಮಾತಾಡ್ತಿರಲಿಲ್ಲ ಕಣೆ, ಅದೇನು ನಾಚಿಕೆಯೋ. ಆದ್ರೆ ಹೇಳಿ ಕಳಿಸ್ತಿದ್ರಲ್ಲ, ಎಂಥ ಮಾತು! ನೀನು ಚಿಕ್ಕವಳು, ನಿಂಗೆಲ್ಲಿ ನೆನಪಿರುತ್ತೆ. ‘ನಿನ್ನ ಕೈಯೂಟ ಬಿಟ್ಟು ಬೇರೆ ಸೇರಲ್ಲ’ ಅಂತ ಹೇಳಿ ಕಳಿಸಿದ್ರು ಒಂದ್ಸಲ." ಅವಳಿಗೆ ನೆನಪಿತ್ತು. ಆ ವಾಕ್ಯ ಕಟ್ಟಿದ ಜಾಗವೂ ನೆನಪಿತ್ತು, ಹೊಸ್ತಿಲ ಪಕ್ಕ ಗೋಡೆಯ ಸುಣ್ಣ ಕಿತ್ತು ಬಂದಿದ್ದ ಕಡೆ. ಅಮ್ಮ ಇಷ್ಟು ವರ್ಷ ಸಂಸಾರ ಮಾಡಿದ್ದು, ಈಗ ನೆನೆಸಿಕೊಂಡು ಕಣ್ಣು ಒರೆಸಿಕೊಳ್ಳುವುದು, ಆ ಗಂಡನ ಜೊತೆಯಲ್ಲ, ಮಗಳ ಬಾಯಿಂದ ಬಂದ ಇನ್ನೊಬ್ಬನ ಜೊತೆ. ಅವಳು ಡಬ್ಬಿಗೆ ಊಟ ತುಂಬಿಕೊಂಡು, "ಹೌದಮ್ಮ, ಒಳ್ಳೇ ಮನುಷ್ಯ," ಎಂದು ಹೇಳಿ ಬಸ್ಸಿಗೆ ಓಡಿ ಬಂದಿದ್ದಳು.

ಆದರೆ ಅವಳ ನಿಜವಾದ ಹೆದರಿಕೆ ಆ ಪದದ್ದಲ್ಲ, ಪದದ ಬೆನ್ನಿಗೆ ಅಡಗಿ ಕೂತಿದ್ದ ಇನ್ನೊಂದರದ್ದು. ಪದದ ಬಗ್ಗೆ ಹೆದರುತ್ತಿರುವಷ್ಟು ಹೊತ್ತು ಅದನ್ನು ನೋಡದೆ ಇರಬಹುದಿತ್ತು. ತಪಾಸಣೆಯ ಹೆಂಗಸು ಕಾರು ಹತ್ತುವ ಮೊದಲು ಹೊಲಿಗೆಯ ಹಾಲಿಗೆ ಹೋಗಿದ್ದಳು. ಮೊದಲ ಮಹಡಿಯ ಆ ಉದ್ದನೆಯ ಹಾಲಿನ ಹಿಂಬದಿಗೆ ಒಂದು ಕಬ್ಬಿಣದ ಬಾಗಿಲು, ಅದರಾಚೆ ಹಿತ್ತಲಿಗೆ ಇಳಿಯುವ ಮೆಟ್ಟಿಲು. ಬೆಂಕಿ ಗಿಂಕಿ ಬಿದ್ದರೆ ಎಲ್ಲರೂ ಓಡಬೇಕಾದ ದಾರಿ ಅದು. ಬಟ್ಟೆ ಕಳ್ಳತನವಾಗುತ್ತದೆಂದು ದಿನವೂ ಅದಕ್ಕೆ ಬೀಗ. ಕೀಲಿ ಸೂಪರ್ವೈಸರನ ಪ್ಯಾಂಟಿನ ಜೇಬಿನಲ್ಲಿ. ಅಂದು ಮಾತ್ರ ಬಾಗಿಲು ಹಾರು ಹೊಡೆದಿತ್ತು, ಪಕ್ಕದಲ್ಲಿ ಒಂದು ಹೂವಿನ ಕುಂಡ ಕೂಡ ಬಂದು ಕೂತಿತ್ತು. ಆ ಹೆಂಗಸು ಬಾಗಿಲ ಹತ್ತಿರದ ಮಿಷನ್ನಿನ ಮುಂದೆ ನಿಂತು, ಇದು ಯಾವಾಗಲೂ ತೆರೆದಿರುತ್ತದೆಯೇ ಕೇಳು, ಎಂದಳು. ಆ ಮಿಷನ್ನಿನವಳು ಕಾಲರಕ್ಕ. ಬಂದಾಗಿನಿಂದ ಕಾಲರ್ ಬಿಟ್ಟು ಬೇರೆ ಹೊಲಿದವಳಲ್ಲ, ಹಾಗಾಗಿ ಆ ಹೆಸರು. ಕಾಲರಕ್ಕ ಎದ್ದು ನಿಂತು, ಕೈ ಒರೆಸಿಕೊಂಡು, ಆ ಹೆಂಗಸಿನ ಮುಖ ನೋಡಿಯೇ ಹೇಳಿದಳು: "ಇಲ್ಲಮ್ಮ. ನೀವು ಬರ್ತೀರಿ ಅಂತ ಇವತ್ತು ತೆಗೆದಿದಾರೆ. ದಿನಾ ಬೀಗ ಇರುತ್ತೆ. ಹೋದ ವರ್ಷ ಇಸ್ತ್ರಿ ಕಡೆ ವೈರು ಸುಟ್ಟು ಹೊಗೆ ತುಂಬ್ಕೊಂಡಾಗ ನಾವೆಲ್ಲ ಈ ಬಾಗಿಲಿಗೆ ಬಂದು ಬಡ್ಕೊಂಡ್ವಿ, ಕೀಲಿ ಇಟ್ಕೊಂಡವನು ಊಟಕ್ಕೆ ಹೋಗಿದ್ದ. ಹೊಗೆ ತಾನಾಗೇ ಹೋಯ್ತು, ನಮ್ಮ ಪುಣ್ಯ. ನೀವಾದ್ರೂ ಹೇಳಿ." ಅಕ್ಕಪಕ್ಕದ ಮಿಷನ್ನುಗಳು ನಿಧಾನವಾಗಿದ್ದವು. ಮ್ಯಾನೇಜರ್ ಹಿಂದೆ ನಿಂತಿದ್ದರು. ಅವಳು ತಿರುಗಿ ನೋಡಲಿಲ್ಲ, ಆದರೂ ಕುತ್ತಿಗೆಯ ಮೇಲೆ ಅವರ ಉಸಿರು ನಿಂತದ್ದು ಗೊತ್ತಾಯಿತು. ಹೌದಂತೆ, ಯಾವಾಗಲೂ ತೆರೆದಿರುತ್ತದಂತೆ, ಎಂದು ಅವಳು ಇಂಗ್ಲಿಷಿನಲ್ಲಿ ಹೇಳಿದಳು. ಪರದೇಶದ ಹೆಂಗಸು ಕಣ್ಣು ಕಿರಿದು ಮಾಡಿದಳು. ಅಷ್ಟು ಉದ್ದದ ಮಾತಿಗೆ ಇಷ್ಟೇನಾ, ಎಂದಳು. ಗಾಳಿಯೂ ಚೆನ್ನಾಗಿ ಬರುತ್ತದಂತೆ, ಎಂದು ದುಭಾಷಿ ಸೇರಿಸಿದಳು. ಆ ಹೆಂಗಸು ಕೈಯಲ್ಲಿದ್ದ ಹಾಳೆಯಲ್ಲಿ ಗೀಟು ಎಳೆದು ಮುಂದೆ ನಡೆದಳು. ಕಾಲರಕ್ಕ ದುಭಾಷಿಯ ಕಡೆ ನೋಡಿ ತಲೆಯಾಡಿಸಿದಳು, ಸರಿಯಾಗಿ ಹೇಳಿದೆ ಎನ್ನುವಂತೆ.

ಅದಾದ ಮೇಲೆ ಹೊಲಿಗೆಯ ಹೆಂಗಸರ ಕಣ್ಣಲ್ಲಿ ಅವಳು ಬೇರೆಯೇ ಮನುಷ್ಯಳಾಗಿಬಿಟ್ಟಿದ್ದಳು. ಮೊದಲೆಲ್ಲ ಊಟದ ಕೋಣೆಗೆ ಅವಳು ಕಾಲಿಟ್ಟರೆ ಮಾತು ನಿಲ್ಲುತ್ತಿತ್ತು. ಈಗ ಬೆಂಚಿನ ಮೇಲೆ ಜರುಗಿ ಜಾಗ ಕೊಡುತ್ತಿದ್ದರು. ಅವಳು ಊಟವನ್ನೇ ಮೇಲೆ ಮೇಜಿನಲ್ಲಿ ಮುಗಿಸತೊಡಗಿದ್ದಳು. ಇಂದು ನೀರಿಗೆಂದು ಕೆಳಗಿಳಿದವಳನ್ನು ಕಾಲರಕ್ಕ ಹಿಡಿದೇಬಿಟ್ಟಳು. "ನಿಲ್ಲು ನಿಲ್ಲು. ಕಂಕುಳ ಹತ್ರ ಹೊಲಿಗೆ ಬಿಚ್ಚಿದೆಯಲ್ಲೇ. ಹೀಗೇ ತಿರುಗ್ತಿದೀಯಾ ಬೆಳಿಗ್ಗೆಯಿಂದ? ಬಾ, ಎರಡು ಎಳೆ ಹಾಕ್ತೀನಿ, ಕೈ ಎತ್ತು." ಬೇಡ ಅಕ್ಕ ಎನ್ನುವಷ್ಟರಲ್ಲಿ ಸೂಜಿ ಬಂದಿತ್ತು. ಕಿಟಕಿಯ ಪಕ್ಕ, ಪೊಲೀಸರಿಗೆ ಸಿಕ್ಕವಳಂತೆ ಒಂದು ಕೈ ಮೇಲೆತ್ತಿ ನಿಂತಳು ಅವಳು. ಕಾಲರಕ್ಕನ ಬೆರಳು ಬಟ್ಟೆಯ ಒಳಗಿನಿಂದ ಪಕ್ಕೆಗೆ ತಾಗುತ್ತಿತ್ತು. ಬೆಚ್ಚಗಿನ, ತುದಿ ಒರಟಾದ ಬೆರಳು. ಅವಳು ಆ ಬೆರಳಿನಿಂದ ಕೊಂಚ ಆಚೆ ಸರಿದಳು. "ಅಲುಗಾಡಬೇಡ, ಚುಚ್ಚೀತು. ಅವತ್ತು ನಾ ಹೇಳಿದ್ದನ್ನ ಅಷ್ಟು ಚೂರಲ್ಲಿ ಹೇಗೆ ಮುಗಿಸಿದ್ಯೆ? ನಾನು ಅಷ್ಟುದ್ದ ರಾಗ ಎಳ್ದೆ, ನೀನು ಎರಡೇ ಮಾತಲ್ಲಿ ಹೇಳ್ಬಿಟ್ಟೆ. ಇಂಗ್ಲಿಷು ಅಂದ್ರೆ ಹಾಗೇ ಏನೋ, ಒತ್ತಿ ಒತ್ತಿ ತುಂಬ್ತಾರೆ." ಹೆಂಗಸರು ನಕ್ಕರು. ಗುಂಡಿ ಹಾಕುವವಳೊಬ್ಬಳು, "ಅಕ್ಕ ನಾಲ್ಕು ದಿನದಿಂದ ಇದೇ ಹೇಳ್ತಾ ಇದೆ. ಬೀಗ ಹೋಗುತ್ತೆ ನೋಡ್ತಿರಿ, ನೋಡ್ತಿರಿ ಅಂತ," ಎಂದಳು. ಕಾಲರಕ್ಕ ದಾರವನ್ನು ಹಲ್ಲಿನಿಂದ ಕಡಿದಳು, ಅವಳ ಪಕ್ಕೆಗೆ ಮುಖ ತಾಗಿಸಿ. "ಹೋಗೇ ಹೋಗುತ್ತೆ. ನಾನು ಹೇಳಿದ್ದಕ್ಕೆ ಆಯಮ್ಮ ಏನಂದ್ರು?"

"ಬರ್ಕೊಂಡ್ರು ಅಕ್ಕ," ಎಂದಳು ಅವಳು. ಅದು ನಿಜವೇ ಆಗಿತ್ತು.

ಮೇಲೆ ಬಂದಾಗ ಗಾಜಿನಾಚೆ ಮ್ಯಾನೇಜರ್ ಫೋನನ್ನು ಎರಡು ಕೈಯಲ್ಲಿ ಹಿಡಿದು ಕೂತಿದ್ದರು. ಮುಖದಲ್ಲಿ ರಕ್ತವಿರಲಿಲ್ಲ. ತಲೆ ಎತ್ತದೆ ಬೆರಳಿನಿಂದ ಕರೆದರು. ಅವಳಿಗೆ ಅರ್ಥವಾಯಿತು. ತಪ್ಪು ಸ್ಪೆಲಿಂಗ್ ಕೊಟ್ಟರೂ ಫೋನು ತಾನೇ ತಿದ್ದಿ, ನೀವು ಹುಡುಕುತ್ತಿರುವುದು ಇದೇ ಅಲ್ಲವೇ ಎಂದು ಕೇಳಿರಬೇಕು. ಅದೂ ಒಂದು ಬಗೆಯ ಸೇವಕನೇ ಅಲ್ಲವೇ. ಒಳಗೆ ಹೋಗಿ ನಿಂತಳು. ಮ್ಯಾನೇಜರ್ ಓದಿದರು, ಶಾಲೆಯ ಹುಡುಗ ಗಟ್ಟಿಯಾಗಿ ಪಾಠ ಓದುವಂತೆ, ಒಂದೊಂದು ಪದಕ್ಕೂ ತಡೆದು ತಮಗೆ ತಾವೇ ಅರ್ಥ ಹೇಳಿಕೊಳ್ಳುತ್ತ. "ಮೇಲಿನವರ ಮುಂದೆ ಅತಿಯಾಗಿ ಬಗ್ಗುವವನು. ಅಸಹ್ಯ ಬರುವಷ್ಟು ಓಲೈಸುವವನು. ಬಳಕೆ ಹೇಗೆ ಅಂತ ವಾಕ್ಯ ಬೇರೆ ಕೊಟ್ಟಿದಾರೆ. ‘ಆ ಹೋಟೆಲಿನ ಮಾಣಿ ಎಷ್ಟು ಅಬ್ಸೀಕ್ವಿಯಸ್ ಆಗಿದ್ದನೆಂದರೆ ಊಟವೇ ಸೇರಲಿಲ್ಲ.’" ಫೋನನ್ನು ಮೇಜಿನ ಮೇಲೆ ಮಗುಚಿ ಇಟ್ಟರು. "ನಮ್ಮ ಭಾವನಿಗೆ ಹೇಳಿದೀನಿ. ಮಗಳ ಸ್ಕೂಲಿನ ಟೀಚರಿಗೆ ಹೇಳಿದೀನಿ. ಆ ಟೀಚರು ಯಾಕೆ ಕೆಮ್ಮಿದ್ರು ಅಂತ ಈಗ ಗೊತ್ತಾಯ್ತು." ಅವಳು ಕ್ಷಮಿಸಿ ಸರ್ ಎಂದಳು. ಆಮೇಲೆ ಅವಳು ಎಣಿಸಿಯೇ ಇರದಿದ್ದದ್ದು ನಡೆಯಿತು. "ಕೂತ್ಕೊಳ್ಳಿ ಮೇಡಂ," ಎಂದರು.

ಆ ಕುರ್ಚಿಯಲ್ಲಿ ಅವಳು ಎಂದೂ ಕೂತವಳಲ್ಲ. ತುದಿಯಲ್ಲಿ ಕೂತಳು. "ಹೆದರ್ಬೇಡಿ. ಕೋಪ ಬಂದಿತ್ತು, ಇಲ್ಲ ಅನ್ನಲ್ಲ. ಆಮೇಲೆ ಯೋಚನೆ ಮಾಡ್ದೆ. ಅಂಥ ಮಾತನ್ನ ಕಣ್ಣು ಮಿಟುಕಿಸೋದ್ರೊಳಗೆ ಹೂವು ಮಾಡಿ ನನ್ನ ಕೈಗೆ ಇಟ್ರಲ್ಲ! ಅವತ್ತು ಆ ಕಾಲರ್ ಹೆಂಗಸು ಬಾಯಿ ಬಿಟ್ಟಾಗ್ಲೂ ಹಾಗೇ. ನನ್ನ ಕಥೆ ಮುಗೀತು ಅಂದ್ಕೊಂಡೆ. ನೀವು ನನ್ನ ಕಡೆ ತಿರುಗಿ ಕೂಡ ನೋಡಲಿಲ್ಲ. ನಾನೇನು ಹೇಳಿಕೊಟ್ಟಿದ್ನಾ? ಇಲ್ಲ. ಕಣ್ಣು ಸನ್ನೆ ಮಾಡಿದ್ನಾ? ಅದೂ ಇಲ್ಲ. ನಿಮಗೆ ನ್ಯಾಯವಾಗಿ ನಾನು ಥ್ಯಾಂಕ್ಸ್ ಹೇಳ್ಬೇಕಿತ್ತು." ಅವಳು ಕುರ್ಚಿಯ ಅಂಚನ್ನು ಹಿಡಿದುಕೊಂಡಳು. ಇಷ್ಟು ದಿನ, ನಾನೇನು ಮಾಡಲಿ, ಹಿಂದೆ ಅವರು ನಿಂತಿದ್ದರಲ್ಲ, ನಿಜ ಹೇಳಿದ್ದರೆ ಬಿಡುತ್ತಿದ್ದರೇ, ಎಂದು ಅವಳು ತನಗೆ ತಾನೇ ಹೇಳಿಕೊಳ್ಳುತ್ತಿದ್ದದ್ದನ್ನು ಈತ ಬಂದು ಎಷ್ಟು ಸರಾಗವಾಗಿ ಕಿತ್ತು ಹಾಕಿದರು. ಯಾರೂ ಕೇಳಿರಲಿಲ್ಲ. ಯಾರೂ ಹೆದರಿಸಿರಲಿಲ್ಲ. "ಇನ್ನೊಂದು ಕೆಲಸ ಇದೆ," ಮ್ಯಾನೇಜರ್ ದನಿ ತಗ್ಗಿಸಿದರು. "ಆ ಹೆಂಗಸನ್ನ ನಾಳೆಯಿಂದ ಬರಬೇಡ ಅನ್ನಬೇಕು. ಕಣ್ಣು ಮಂಜಾಗಿದೆ ಅನ್ನಿ, ಕೆಲಸ ಕಮ್ಮಿ ಅನ್ನಿ, ಏನೋ ಒಂದು. ಸೂಪರ್ವೈಸರ್ ಹೇಳಿದ್ರೆ ಗಲಾಟೆ ಆಗುತ್ತೆ. ನಿಮ್ಮ ಬಾಯಲ್ಲಿ ಕೆಟ್ಟದ್ದೂ ಒಳ್ಳೇದಾಗಿ ಬರುತ್ತೆ. ಯಜಮಾನರು ಬರೋ ಹೊತ್ತಿಗೆ ಮುಗಿಸಿಬಿಡಿ." "ಆಯ್ತು ಸರ್," ಎಂದಳು. ಎದ್ದಾಗ ಕುರ್ಚಿ ಸದ್ದು ಮಾಡಿತು, ಅದಕ್ಕೂ ಸಾರಿ ಎಂದಳು.

ಕೆಳಗಿಳಿಯುವ ಮೆಟ್ಟಿಲಿನಲ್ಲಿ ಮಿಷನ್ನುಗಳ ಸದ್ದು ಮೊದಲು ಅಂಗಾಲಿಗೆ ಬರುತ್ತದೆ, ಆಮೇಲೆ ಹಲ್ಲಿಗೆ, ಕೊನೆಗೆ ಕಿವಿಗೆ. ಸಾಲು ಸಾಲು ಬಗ್ಗಿದ ತಲೆಗಳ ನಡುವೆ ಅವಳು ನಡೆದಳು. ಪ್ರತಿ ತಲೆಯೂ ಅವಳನ್ನು ಕಂಡು ಕೊಂಚ ಮೇಲೆದ್ದು ನಕ್ಕು ಮತ್ತೆ ಬಗ್ಗುತ್ತಿತ್ತು. ಹೂವಿನ ಕುಂಡ ಮಾಯವಾಗಿತ್ತು. ಬಾಗಿಲಿಗೆ ಬೀಗ. ಕಾಲರಕ್ಕನ ಕಿವಿಯ ಬಳಿ ಬಗ್ಗಿ, ಬರುವ ದಾರಿಯಲ್ಲಿ ಕಟ್ಟಿಕೊಂಡು ಬಂದಿದ್ದ ವಾಕ್ಯವನ್ನು ಹೇಳಿದಳು: "ಅಕ್ಕ, ನಿಮ್ಮ ಕಣ್ಣಿಗೆ ತುಂಬ ಶ್ರಮ ಆಗ್ತಿದೆಯಂತೆ. ನಾಳೆಯಿಂದ ಸ್ವಲ್ಪ ದಿನ ಮನೇಲಿ ಇರಬೇಕಂತೆ." ಕಾಲರಕ್ಕ ಮಿಷನ್ ನಿಲ್ಲಿಸಿದಳು. ಅರ್ಧ ಹೊಲಿದ ಕಾಲರನ್ನು ಕೆಳಗಿನಿಂದ ಬಿಡಿಸಿ, ಅಂಚು ಸರಿಮಾಡಿ, ಹೊಲಿದವುಗಳ ಗುಡ್ಡೆಯ ಮೇಲೆ ಇಟ್ಟಳು. "ಬರಬೇಡ ಅಂದ್ರಾ?" ಅವಳು ಹೌದೆಂದು ತಲೆಯಾಡಿಸಿದಳು. ಕಾಲರಕ್ಕ ಎದ್ದು ಸ್ಟೂಲಿನ ಮೇಲಿನ ಬಟ್ಟೆಯ ಮೆತ್ತೆ ತೆಗೆದು ಕಂಕುಳಿಗೆ ಸಿಕ್ಕಿಸಿಕೊಂಡಳು, ಕತ್ತರಿಯನ್ನು ಸೆರಗಿನ ತುದಿಗೆ ಕಟ್ಟಿದಳು. ಆಮೇಲೆ ಅವಳ ಗಲ್ಲವನ್ನು ಹಿಡಿದಳು. "ನೀನ್ಯಾಕೆ ಹೀಗೆ ಬಿಳಿಚ್ಕೊಂಡಿದೀಯಾ? ಹೋಗ್ಲಿ ಬಿಡು. ನಾ ಹೇಳಿದ್ದು ಮುಟ್ಟಬೇಕಾದ ಕಡೆ ಮುಟ್ಟಿದೆ ಅಂತಾಯ್ತಲ್ಲ. ಮುಟ್ಟದೇ ಇದ್ರೆ ನನ್ನ ಯಾಕೆ ತೆಗೀತಿದ್ರು? ಇವರಿಗಾದ್ರೂ ಬಾಗಿಲು ತೆಗೀತಾರೆ."

"ಮುಟ್ಟಿಲ್ಲ ಅಕ್ಕ," ಎಂದಳು ಅವಳು.

ಮಿಷನ್ನುಗಳ ಸದ್ದಿನಲ್ಲಿ ಅದು ಎಲ್ಲೋ ಬಿದ್ದು ಹೋಯಿತು. "ಏನಂದೆ?" ಕಾಲರಕ್ಕ ಕಿವಿಗೆ ಕೈ ಹಿಡಿದಳು. ಈಗಲೂ ಬೇರೆ ಏನಾದರೂ ಹೇಳಬಹುದು ಎಂದು ಅವಳಿಗೆ ಹೊಳೆಯಿತು. ಹುಷಾರಾಗಿ ಹೋಗಿ ಅಂದೆ ಅಕ್ಕ, ಎನ್ನಬಹುದು. ನಾಲಿಗೆ ಅದಕ್ಕೆ ಸಿದ್ಧವಾಗಿಯೇ ಇತ್ತು. "ನಾನು ಹೇಳಲಿಲ್ಲ," ಎಂದಳು ಜೋರಾಗಿ. ಪಕ್ಕದ ಮಿಷನ್ ನಿಂತಿತು. ಅದರ ಪಕ್ಕದ್ದು ನಿಂತಿತು. "ನೀವು ಹೇಳಿದ್ದನ್ನ ನಾನು ಆಯಮ್ಮನಿಗೆ ಹೇಳಲೇ ಇಲ್ಲ. ಬಾಗಿಲು ಯಾವಾಗಲೂ ತೆರೆದಿರುತ್ತೆ ಅಂತ ನೀವು ಹೇಳಿದ್ರಿ ಅಂದೆ. ಗಾಳಿ ಚೆನ್ನಾಗಿ ಬರುತ್ತೆ ಅಂದ್ರಿ ಅಂದೆ." ಸಾಲಿನ ಆ ತುದಿಯವರೆಗೆ ಮಿಷನ್ನುಗಳು ನಿಂತಿದ್ದವು, ಕೊನೆಯ ಮಾತು ಅಷ್ಟು ಜೋರಾಗಿ ಬೇಕಾಗಿರಲಿಲ್ಲ, ಹಾಲಿನ ತುಂಬ ಅದೊಂದೇ ಕೇಳಿಸಿತು. ಅವಳಿಗೆ ಹೊಡೆತ ಬೀಳುತ್ತದೆ ಅನ್ನಿಸಿತು, ಬಿದ್ದರೆ ಒಳ್ಳೆಯದು ಅನ್ನಿಸಿತು. ಕಾಲರಕ್ಕ ಹೊಡೆಯಲಿಲ್ಲ. ಅವಳ ಗಲ್ಲದಿಂದ ಕೈ ತೆಗೆದು, ಆ ಕೈಯನ್ನು ಏನು ಮಾಡಬೇಕೆಂದು ತಿಳಿಯದವಳಂತೆ ಮೆತ್ತೆಯ ಮೇಲೆ ಇಟ್ಟುಕೊಂಡಳು. "ನಾನು ಇವರಿಗೆಲ್ಲ ಹೇಳ್ಕೊಂಡು ತಿರುಗಿದೀನಲ್ಲೇ," ಎಂದಳು ಮೆಲ್ಲಗೆ. "ಆ ಹುಡುಗಿ ಹೇಳಿದಾಳೆ, ನಮ್ಮ ಹುಡುಗಿ ಅಂತ. ಈಗ ಇವರ ಮುಖ ಹೇಗೆ ನೋಡ್ಲಿ?" ಗುಂಡಿ ಹಾಕುವವಳು ಎದ್ದು ಹೋಗಿ ಕಬ್ಬಿಣದ ಬಾಗಿಲಿನ ಹಿಡಿ ಜಗ್ಗಿದಳು. ಬೀಗ ಕಟಕಟ ಎಂದಿತು. ಆಕೆ ಕತ್ತರಿಯ ಹಿಡಿಯಿಂದ ಬಾಗಿಲನ್ನು ಬಡಿಯತೊಡಗಿದಳು, ಸಿಟ್ಟಿನಿಂದಲ್ಲ, ಆಚೆ ಯಾರಾದರೂ ಇದ್ದಾರೆಯೇ ಎಂದು ಕೇಳುವ ಹಾಗೆ. ಇನ್ನೊಬ್ಬಳು ಎದ್ದಳು. ಮತ್ತೆ ನಾಲ್ಕೈದು ಜನ.

ಆ ಬಡಿತದ ನಡುವೆಯೇ ಮುಂಬಾಗಿಲಿನಿಂದ ಯಜಮಾನರು ಬಂದರು, ಹಿಂದೆ ಮ್ಯಾನೇಜರ್, ಅವರ ಹಿಂದೆ ಕೈಯಲ್ಲಿ ತಟ್ಟೆ ಹಿಡಿದ ಸೂಪರ್ವೈಸರ್. ಯಜಮಾನರು ನಿಂತ ಮಿಷನ್ನುಗಳನ್ನು ನೋಡಿದರು, ಎದ್ದು ನಿಂತ ಹೆಂಗಸರನ್ನು ನೋಡಿದರು. "ಏನಂತೆ ಇವರದು?" ಅವರೂ ಆಡುತ್ತಿದ್ದದ್ದು ಅದೇ ಭಾಷೆ, ಹೆಂಗಸರು ಆಡುವ ಭಾಷೆಯೇ, ಆದರೂ ಅವರು ಕೇಳಿದ್ದು ಹೆಂಗಸರನ್ನಲ್ಲ. ಮ್ಯಾನೇಜರ್ ಬೆವರು ಒರೆಸಿಕೊಂಡು ಅತ್ತಿತ್ತ ನೋಡಿ ಅವಳನ್ನು ಕಂಡರು. ಅವರ ಮುಖಕ್ಕೆ ಜೀವ ಬಂತು. "ನಮ್ಮ ಮೇಡಂ ಇದಾರಲ್ಲ ಸರ್. ಹೇಳಿ ಮೇಡಂ, ಇವರು ಏನಂತಾರೆ?"

"ಬಾಗಿಲು ತೆಗೀಬೇಕಂತೆ ಸರ್," ಎಂದಳು ಅವಳು. ಕಿವಿಗೆ ತನ್ನ ದನಿ ಎಷ್ಟು ಮೆತ್ತಗೆ, ಎಷ್ಟು ನಯವಾಗಿ ಕೇಳಿಸಿತು. "ಗಾಳಿಗಾ?" ಯಜಮಾನರು ಮೇಲಿನ ಫ್ಯಾನುಗಳ ಕಡೆ ನೋಡಿದರು. "ಹೌದು ಸರ್, ಗಾಳಿಗೆ, ಸೆಕೆ ನೋಡಿ ಎಷ್ಟಿದೆ," ಎಂದು ಮ್ಯಾನೇಜರ್ ಹಿಡಿದುಕೊಂಡರು, ಅವಳ ಕಡೆ ಕೃತಜ್ಞತೆಯಿಂದ ನೋಡುತ್ತ. ಎಲ್ಲ ಮುಗಿದೇ ಹೋಗಿತ್ತು. ಇನ್ನೊಂದು ಕ್ಷಣ ಸುಮ್ಮನಿದ್ದರೆ ಸಾಕಿತ್ತು. ಕಾಲರಕ್ಕ ಅವಳ ಕಡೆ ನೋಡುತ್ತಿರಲಿಲ್ಲ, ನೆಲದ ಮೇಲಿನ ದಾರದ ಚೂರುಗಳನ್ನು ನೋಡುತ್ತಿದ್ದಳು. ದುಭಾಷಿ ಮಿಷನ್ನಿನ ಹಲಗೆ ಹಿಡಿದುಕೊಂಡಳು. "ಗಾಳಿಗಲ್ಲ ಸರ್," ಎಂದಳು. "ಅಂತೆ ಅಲ್ಲ, ನಾನೇ ಹೇಳ್ತಿದೀನಿ. ಈ ಬಾಗಿಲಿಗೆ ದಿನಾ ಬೀಗ ಹಾಕಿರ್ತೀವಿ. ಹೋದ ವರ್ಷ ಹೊಗೆ ತುಂಬಿದಾಗಲೂ ಹಾಕಿತ್ತು. ತಪಾಸಣೆ ದಿನ ಮಾತ್ರ ತೆಗೆದಿದ್ವಿ. ಈ ಅಕ್ಕ ಅದನ್ನ ಆಯಮ್ಮನಿಗೆ ಹೇಳಿದ್ರು. ತೆರೆದೇ ಇರುತ್ತೆ ಅಂತ ಸುಳ್ಳು ಮಾಡಿ ಹೇಳಿದ್ದು ನಾನು. ಹೇಳು ಅಂತ ನನಗೆ ಯಾರೂ ಹೇಳಿರಲಿಲ್ಲ. ನಿಜ ಹೇಳಿದ್ದಕ್ಕೇ ಈ ಅಕ್ಕನ್ನ ಇವತ್ತು ತೆಗೀತಿದಾರೆ." ಹೇಳುತ್ತ ಹೇಳುತ್ತ ದನಿ ಒಡೆಯಿತು, ವಾಕ್ಯಗಳ ಕೊನೆ ಎಲ್ಲೆಲ್ಲೋ ಹೋಯಿತು. ಇಷ್ಟು ಕೆಟ್ಟದಾಗಿ ಅವಳು ಯಾವ ಮಾತನ್ನೂ ಎಂದೂ ಹೇಳಿರಲಿಲ್ಲ.

ಹೆಂಗಸರೆಲ್ಲ ಯಜಮಾನರನ್ನೇ ನೋಡುತ್ತಿದ್ದರು. ಬಹುಶಃ ಅದಕ್ಕಾಗಿ, ಬಹುಶಃ ಆ ಹೊತ್ತಿಗೆ ಬೇರೇನೂ ತೋಚದೆ, ಅವರು ಕೀಲಿಗೆಂದು ಸೂಪರ್ವೈಸರನ ಕಡೆ ಕೈ ಚಾಚಿದರು. ಸೂಪರ್ವೈಸರ್ ತಟ್ಟೆ ಇಡಲು ಜಾಗ ಹುಡುಕಿ, ಸಿಗದೆ, ಅದನ್ನು ಮ್ಯಾನೇಜರ ಕೈಗೆ ಕೊಟ್ಟು ಜೇಬಿಗೆ ಕೈ ಹಾಕಿದ. ಬೀಗ ತೆಗೆಯುವುದಕ್ಕೆ ಹೊತ್ತು ಹಿಡಿಯಿತು. ಬಾಗಿಲು ತೆರೆದುಕೊಂಡಾಗ ಬಿಸಿಲಿನ ಒಂದು ದೊಡ್ಡ ತುಂಡು ಒಳಗೆ ಬಿತ್ತು, ಹೆಂಗಸರು ಕಣ್ಣಿಗೆ ಕೈ ಅಡ್ಡ ಹಿಡಿದುಕೊಂಡು ಒಬ್ಬೊಬ್ಬರಾಗಿ ಆಚೆ ಹೋಗಿ ನೋಡಿದರು, ಹೊಸ ಮನೆ ನೋಡಲು ಬಂದವರಂತೆ. ಕಾಲರಕ್ಕ ಮೆತ್ತೆಯನ್ನು ಕಂಕುಳಲ್ಲಿ ಒತ್ತಿಕೊಂಡು ಅವಳ ಪಕ್ಕದಲ್ಲೇ ಹಾದು ಹೊರಗೆ ಹೋದಳು. ತಟ್ಟೆ ಹಿಡಿದುಕೊಂಡೇ ಮ್ಯಾನೇಜರ್ ಹತ್ತಿರ ಬಂದರು. ಸಿಟ್ಟು ಮಾಡುತ್ತಾರೆಂದು ಅವಳು ಕಾದಳು. ಅವರ ಕಣ್ಣಲ್ಲಿ ಸಿಟ್ಟಿರಲಿಲ್ಲ, ನಂಬಿದವರು ಕೈಬಿಟ್ಟಾಗಿನ ಬೆರಗು ಇತ್ತು. "ಯಾಕ್ರೀ?" ಎಂದರು, ಅಷ್ಟೇ. ನಾಳೆ ಈ ಕೆಲಸ ತನಗೂ ಇರುವುದಿಲ್ಲ, ಅಮ್ಮನಿಗೆ ಏನು ಹೇಳುವುದು ಎಂದು ಅವಳು ಆಗ ಯೋಚಿಸಿದಳು, ಯೋಚಿಸಿದ ಕೂಡಲೇ ಒಂದು ಚಂದದ ವಾಕ್ಯ ತಾನಾಗಿ ಕಟ್ಟಿಕೊಳ್ಳತೊಡಗಿದ್ದನ್ನು ಕಂಡು ಇನ್ನಷ್ಟು ಹೆದರಿದಳು. ಬಾಗಿಲ ಕಡೆ ನಡೆದಳು. ಆ ಮೆಟ್ಟಿಲನ್ನು ಅವಳು ಎಂದೂ ಇಳಿದಿರಲಿಲ್ಲ. ಕಡಿದಾಗಿತ್ತು, ಸಂದಿನಲ್ಲಿ ನೆಲ ಕಾಣುತ್ತಿತ್ತು. ಕಂಬಿ ಬಿಸಿಲಿಗೆ ಕಾದಿತ್ತು. ಕೈ ಸುಡುತ್ತಿದ್ದರೂ ಎರಡೂ ಕೈಯಲ್ಲಿ ಹಿಡಿದುಕೊಂಡಳು. ಕೆಳಗೆ, ಮೆಟ್ಟಿಲು ಮುಗಿಯುವಲ್ಲಿ ಕಾಲರಕ್ಕ ನಿಂತಿದ್ದಳು. ಅವಳಿಗಾಗಿ ನಿಂತಿದ್ದಳೋ, ಬೆಳಕಿಗೆ ಕಣ್ಣು ಹೊಂದಿಕೊಳ್ಳಲಿ ಎಂದು ನಿಂತಿದ್ದಳೋ, ಮೇಲಿನಿಂದ ತಿಳಿಯುವಂತಿರಲಿಲ್ಲ. ಅವಳು ಒಂದು ಮೆಟ್ಟಿಲು ಇಳಿದಳು.